ಓಡುವ ಮಕ್ಕಳು ಏನು ತಿನ್ನಬೇಕು?

(ಶಾಲೆಯ ಸುವರ್ಣ ಮಹೋತ್ಸವದ ಕ್ರೀಡಾ ದಿನದಂದು ಹಳೆಯ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಮೊದಲು ಒಂದು ಕೆಲಸ ಆಗಲಿ. ನೀರಿನ ಬಾಟಲಿ ತಂದಿರುವ ಮಕ್ಕಳು ಈಗಲೇ ನಾಲ್ಕು ಗುಟುಕು ಕುಡಿಯಿರಿ. ತರದೇ ಇರುವವರಿಗೆ ಪಕ್ಕದವರು ಕೊಡಿ. ಅತಿಥಿಗಳು ಮಾತನಾಡುವಾಗ ನೀರು ಕುಡಿಯುವುದು ಅಗೌರವ ಎಂದು ಯಾರಾದರೂ ಹೇಳಿದ್ದರೆ ಇವತ್ತಿನ ಮಟ್ಟಿಗೆ ಆ ಮಾತು ರದ್ದು. ಮೆರವಣಿಗೆ, ಧ್ವಜಾರೋಹಣ, ಸ್ವಾಗತ, ಮಾಲಾರ್ಪಣೆ ಎಲ್ಲ ಸೇರಿ ನೀವು ಎರಡು ಗಂಟೆ ಬಿಸಿಲು ಕಾದಿದ್ದೀರಿ. ಮಧ್ಯಾಹ್ನ ನಿಮ್ಮಲ್ಲಿ ಕೆಲವರು 1500 ಮೀಟರ್ ಓಡಬೇಕು.

ನಾನು ಈ ಶಾಲೆಯಲ್ಲೇ ಓದಿದವಳು. ಇಪ್ಪತ್ತು ವರ್ಷದಿಂದ ಕ್ರೀಡಾ ವಸತಿ ನಿಲಯದ ಮಕ್ಕಳ ಊಟದ ಪಟ್ಟಿ ಮಾಡುವುದು ನನ್ನ ಕೆಲಸ. ಸಂಘಟಕರು ಫೋನ್ ಮಾಡಿ, "ಮೇಡಂ, ಮಕ್ಕಳಿಗೆ ಸ್ಫೂರ್ತಿ ಬರುವ ಹಾಗೆ ಮಾತನಾಡಿ" ಎಂದರು. ಖಾಲಿ ಹೊಟ್ಟೆಯಲ್ಲಿ ಸ್ಫೂರ್ತಿ ಮುನ್ನೂರು ಮೀಟರ್‌ವರೆಗೆ ಬರುತ್ತದೆ. ಅಲ್ಲಿಂದ ಮುಂದಕ್ಕೆ ಬೇಕಾಗುವುದು ಬೇರೆ. ಅದಕ್ಕೇ ಇವತ್ತು ಮುದ್ದೆ, ಕಡಲೆಕಾಯಿ, ಮೊಟ್ಟೆ, ಪಾನಕ, ಕಬ್ಬಿಣದ ಮಾತ್ರೆ, ಇವುಗಳ ಬಗ್ಗೆ ಮಾತನಾಡುತ್ತೇನೆ. ಕಡೆಗೆ ಹಳೆಯ ವಿದ್ಯಾರ್ಥಿಗಳ ಹತ್ತಿರ ಒಂದು ಕೇಳಿಕೆಯೂ ಇದೆ.

ನಿನ್ನೆ ಬೆಳಗ್ಗೆ ಆರು ಗಂಟೆಗೆ ನಾನು ಇದೇ ಮೈದಾನಕ್ಕೆ ಬಂದಿದ್ದೆ. ಮೂವತ್ತಾರು ಮಕ್ಕಳು ಅಭ್ಯಾಸ ಮಾಡುತ್ತಿದ್ದರು. ಪಿ.ಟಿ. ಮೇಷ್ಟ್ರು ಸೀಟಿ ಊದುವ ಮೊದಲೇ ಬಂದು ಸುಣ್ಣದ ಗೆರೆ ಎಳೆಯುತ್ತಿದ್ದವರೂ ಇದ್ದರು. ಒಬ್ಬೊಬ್ಬರನ್ನೇ ಕೇಳಿದೆ: "ಏನು ತಿಂದು ಬಂದಿರಿ?" ಇಪ್ಪತ್ತೊಂದು ಮಕ್ಕಳು ಏನೂ ತಿಂದಿರಲಿಲ್ಲ. ಒಂಬತ್ತು ಮಂದಿ ಟೀ ಕುಡಿದಿದ್ದರು. ಆರು ಮಂದಿ ಮಾತ್ರ ಬಿಸ್ಕತ್ತೋ ರಾತ್ರಿಯ ಅನ್ನವೋ ಏನಾದರೊಂದು ತಿಂದಿದ್ದರು. ಅಭ್ಯಾಸ ಮುಗಿಸಿ ಆ ಮಕ್ಕಳು ಮನೆಗೆ ಓಡಿ, ಸ್ನಾನ ಮಾಡಿ, ಎಷ್ಟೋ ಮಂದಿ ಹಾಗೇ ಶಾಲೆಗೆ ಬರುತ್ತಾರೆ. ಶಾಲೆಯಲ್ಲಿ ಹಾಲು ಸಿಗುತ್ತದೆ. ಊಟ ಸಿಗುವುದು ಮಧ್ಯಾಹ್ನ. ಲೆಕ್ಕ ಹಾಕಿ ನೋಡಿ. ರಾತ್ರಿ ಎಂಟಕ್ಕೆ ಉಂಡ ಮಗು ಮತ್ತೆ ಹೊಟ್ಟೆ ತುಂಬ ಉಣ್ಣುವುದು ಮರುದಿನ ಒಂದೂವರೆಗೆ. ನಡುವೆ ಹದಿನೇಳೂವರೆ ಗಂಟೆ, ಅದರಲ್ಲಿ ಒಂದೂವರೆ ಗಂಟೆ ಓಟ.

ಇದು ಯಾಕೆ ಸರಿಯಲ್ಲ ಎನ್ನುವುದಕ್ಕೆ ದೇಹದ ಒಳಗಿನ ಲೆಕ್ಕ ಸ್ವಲ್ಪ ಹೇಳಬೇಕು. ಎಂಟನೇ ತರಗತಿಯವರಿಗೂ ತಿಳಿಯುತ್ತದೆ.

ನಾವು ತಿಂದ ಮುದ್ದೆ, ಅನ್ನ, ರೊಟ್ಟಿ, ಬೆಲ್ಲ ಎಲ್ಲವೂ ಕೊನೆಗೆ ಗ್ಲೂಕೋಸ್ ಆಗುತ್ತವೆ. ಆಗಲೇ ಬೇಕಾದಷ್ಟು ಖರ್ಚಾಗಿ, ಉಳಿದದ್ದು ಗ್ಲೈಕೋಜನ್ ಎಂಬ ರೂಪದಲ್ಲಿ ಎರಡು ಕಡೆ ಶೇಖರವಾಗುತ್ತದೆ. ಒಂದು ಕಣಜ ಸ್ನಾಯುಗಳಲ್ಲಿ, ಇನ್ನೊಂದು ಪಿತ್ತಜನಕಾಂಗದಲ್ಲಿ. ಸ್ನಾಯುವಿನ ಕಣಜ ದೊಡ್ಡದು, ಆದರೆ ಅದು ಜಿಪುಣ. ತೊಡೆಯಲ್ಲಿರುವುದು ತೊಡೆಗೇ, ತೋಳಿನಲ್ಲಿರುವುದು ತೋಳಿಗೇ. ಬೇರೆ ಅಂಗಕ್ಕೆ ಒಂದು ಕಾಳೂ ಕೊಡುವುದಿಲ್ಲ. ಪಿತ್ತಜನಕಾಂಗದ್ದು ಚಿಕ್ಕ ಕಣಜ, ಆದರೆ ಅದು ದಾನಿ. ರಕ್ತದಲ್ಲಿ ಸಕ್ಕರೆ ಕಡಿಮೆಯಾದಾಗಲೆಲ್ಲ ಅದು ಕೊಡುತ್ತದೆ. ನೀವು ಮಲಗಿದ್ದಾಗಲೂ ಮೆದುಳಿಗೆ ಗ್ಲೂಕೋಸ್ ಬೇಕಲ್ಲ, ಅದನ್ನು ರಾತ್ರಿಯಿಡೀ ಒದಗಿಸುವುದು ಈ ಚಿಕ್ಕ ಕಣಜವೇ. ಬೆಳಗ್ಗೆ ಏಳುವ ಹೊತ್ತಿಗೆ ಅದು ಹೆಚ್ಚುಕಡಿಮೆ ತಳ ಕಂಡಿರುತ್ತದೆ. ಕಾಲಲ್ಲಿ ಶಕ್ತಿ ಇದ್ದೂ ತಲೆ ಸುತ್ತುವುದು, ಕಣ್ಣು ಮಂಜಾಗುವುದು, ಕೈ ನಡುಗುವುದು ಆಗುವುದು ಇದರಿಂದಲೇ. ಮೇಷ್ಟ್ರು "ಗಮನ ಎಲ್ಲಿದೆಯೋ?" ಎಂದು ಬೈದಾಗ ಆ ಹುಡುಗನ ಗಮನ ಖಾಲಿ ಕಣಜದಲ್ಲಿರುತ್ತದೆ.

ಇದನ್ನೆಲ್ಲ ಕಂಡುಹಿಡಿದ ರೀತಿ ಬಹಳ ಸ್ವಾರಸ್ಯ. 1966ರಲ್ಲಿ ಸ್ವೀಡನ್ ದೇಶದ ಬರ್ಗ್‌ಸ್ಟ್ರೋಮ್ ಮತ್ತು ಹಲ್ಟ್‌ಮನ್ ಎಂಬ ಇಬ್ಬರು ವೈದ್ಯರು ತಮ್ಮ ಮೇಲೇ ಪ್ರಯೋಗ ಮಾಡಿಕೊಂಡರು. ಒಂದೇ ಸೈಕಲ್ಲಿನ ಎರಡು ಪಕ್ಕಕ್ಕೆ ಕುಳಿತು, ಒಬ್ಬೊಬ್ಬರು ಒಂದೊಂದೇ ಕಾಲಿನಲ್ಲಿ ಪೆಡಲ್ ತುಳಿದರು. ದಣಿದು ಸಾಕಾಗುವವರೆಗೆ ತುಳಿದ ಮೇಲೆ ಮೂರು ದಿನ ಪಿಷ್ಟ ಹೆಚ್ಚಿರುವ ಊಟ ಮಾಡಿದರು. ತೊಡೆಯ ಸ್ನಾಯುವಿನಿಂದ ಸೂಜಿಯಲ್ಲಿ ಚೂರು ತೆಗೆದು ನೋಡಿದರೆ, ದುಡಿದ ಕಾಲಿನಲ್ಲಿ ಸುಮ್ಮನಿದ್ದ ಕಾಲಿಗಿಂತ ಸುಮಾರು ಎರಡರಷ್ಟು ಗ್ಲೈಕೋಜನ್ ತುಂಬಿತ್ತು. ಊಟ ಒಂದೇ, ಮನುಷ್ಯ ಒಬ್ಬನೇ, ಆದರೂ ದುಡಿದ ಕಾಲು ಹೆಚ್ಚು ತುಂಬಿಕೊಂಡಿತು. ಮರುವರ್ಷ ಅವರು ಇನ್ನಿಬ್ಬರ ಜೊತೆ ಸೇರಿ, ಬೇರೆ ಬೇರೆ ಊಟ ಕೊಟ್ಟು, ಒಂದೇ ವೇಗದಲ್ಲಿ ಎಷ್ಟು ಹೊತ್ತು ಸೈಕಲ್ ತುಳಿಯಬಲ್ಲರು ಎಂದು ಅಳೆದರು. ಮಾಂಸ ಮತ್ತು ಕೊಬ್ಬು ಮಾತ್ರ ತಿಂದವರು ಸರಾಸರಿ 57 ನಿಮಿಷ, ಮಿಶ್ರ ಊಟ ಮಾಡಿದವರು 114 ನಿಮಿಷ, ಪಿಷ್ಟದ ಊಟ ಮಾಡಿದವರು 167 ನಿಮಿಷ.

ಈ ಲೆಕ್ಕವನ್ನು ನಾನು ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳುತ್ತೇನೆ. ಯಾಕೆಂದರೆ ನಮ್ಮ ಕಡೆಯ ಮಕ್ಕಳಿಗೆ ಒಂದು ನಾಚಿಕೆ ಇದೆ. "ನಮ್ಮನೇಲಿ ಬರೀ ಮುದ್ದೆ ಮೇಡಂ, ಅವರೆಲ್ಲ ಓಟ್ಸ್ ತಿಂತಾರೆ" ಎನ್ನುತ್ತಾರೆ. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಅರವತ್ತೈದು ಗ್ರಾಂಗೂ ಮೇಲೆ ಪಿಷ್ಟ, ಏಳು ಗ್ರಾಂ ಪ್ರೋಟೀನ್, ಮುನ್ನೂರೈವತ್ತು ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಅಷ್ಟು ಕ್ಯಾಲ್ಸಿಯಂ ಯಾವ ಓಟ್ಸಿನಲ್ಲೂ ಇಲ್ಲ. ಮುದ್ದೆಗೆ ಬಸ್ಸಾರು, ಅದರ ಜೊತೆ ಬಸಿದ ಕಾಳು-ಸೊಪ್ಪಿನ ಪಲ್ಯ, ಮೇಲೆ ಒಂದು ಲೋಟ ಮಜ್ಜಿಗೆ. ನನ್ನ ಬಳಿ ಯಾರಾದರೂ ಕ್ರೀಡಾಪಟುವಿನ ಊಟ ಹೇಗಿರಬೇಕು ಎಂದು ಕೇಳಿದರೆ ನಾನು ಬರೆದುಕೊಡುವುದು ಇದನ್ನೇ. ಕೊರತೆ ಇರುವುದು ಊಟದ ಜಾತಿಯಲ್ಲಲ್ಲ, ಹೊತ್ತಿನಲ್ಲಿ ಮತ್ತು ಪ್ರಮಾಣದಲ್ಲಿ.

ಹೊತ್ತಿನ ವಿಚಾರಕ್ಕೆ ಬಂದರೆ, ತಾಲ್ಲೂಕು ಮಟ್ಟದ ಕ್ರೀಡಾಕೂಟವನ್ನೇ ತೆಗೆದುಕೊಳ್ಳಿ. ಬೆಳಗ್ಗೆ ಆರಕ್ಕೆ ಟೆಂಪೊ. ಎಂಟಕ್ಕೆ ಪಥಸಂಚಲನ. ಅತಿಥಿಗಳು ಬರುವುದು ಹತ್ತಕ್ಕೆ. ಭಾಷಣ ಮುಗಿದು ಓಟ ಶುರುವಾಗುವುದು ಹನ್ನೊಂದಕ್ಕೆ, ನೆತ್ತಿಯ ಮೇಲೆ ಬಿಸಿಲು ಬಂದಾಗ. ಒಂದೂವರೆಗೆ ಪಲಾವ್ ಬರುತ್ತದೆ. ಎರಡಕ್ಕೆ ಫೈನಲ್. ಮಕ್ಕಳು ಹಸಿದಿದ್ದರಿಂದ ಪಲಾವನ್ನು ಗಬಗಬ ತಿಂದು, ಅರ್ಧ ಗಂಟೆಯಲ್ಲಿ 400 ಮೀಟರ್ ಓಡಿ, ಗೆರೆ ದಾಟಿದ ಮೇಲೆ ವಾಂತಿ ಮಾಡಿಕೊಳ್ಳುತ್ತಾರೆ. ಬೆಳಗ್ಗೆ ಖಾಲಿ, ಮಧ್ಯಾಹ್ನ ಭರ್ತಿ, ಎರಡೂ ತಪ್ಪು ಹೊತ್ತಿನಲ್ಲಿ. ಕೂಟದ ವೇಳಾಪಟ್ಟಿ ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಬುತ್ತಿ ನಮ್ಮ ಕೈಯಲ್ಲಿದೆ.

ಓಟಕ್ಕೆ ಮೂರು ಗಂಟೆ ಮುಂಚೆ ಆಗುವ ಹಾಗೆ ಒಂದು ಸರಿಯಾದ ಊಟ. ನಾಲ್ಕು ಇಡ್ಲಿ, ಅಥವಾ ಉಪ್ಪಿಟ್ಟು, ಅಥವಾ ಒಂದು ಮುದ್ದೆ ತೆಳು ಸಾರು. ಎಣ್ಣೆ, ಖಾರ, ಬೇಳೆಕಾಳು ಅವತ್ತೊಂದು ದಿನ ಕಡಿಮೆ ಇರಲಿ, ಅವು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ಕೂರುತ್ತವೆ. ಓಟಕ್ಕೆ ಒಂದು ಗಂಟೆ ಮುಂಚೆ ಒಂದು ಬಾಳೆಹಣ್ಣು. ಓಟಕ್ಕೂ ಫೈನಲ್‌ಗೂ ನಡುವೆ ಎರಡು ಗಂಟೆ ಇದ್ದರೆ, ಮೊದಲ ಓಟ ಮುಗಿದ ಕೂಡಲೇ ಎರಡು ತಂಬಿಟ್ಟು, ಅಥವಾ ಬಾಳೆಹಣ್ಣು ಮತ್ತು ಬೆಲ್ಲ. ದುಡಿದ ಸ್ನಾಯು ಮೊದಲ ಒಂದೆರಡು ಗಂಟೆ ಹಸಿದ ಕರುವಿನ ಹಾಗೆ ಗ್ಲೂಕೋಸನ್ನು ಎಳೆದುಕೊಳ್ಳುತ್ತದೆ. ಆ ಹೊತ್ತನ್ನು ಚಪ್ಪಾಳೆ ತಟ್ಟುತ್ತಾ ಕಳೆಯಬೇಡಿ, ತಿನ್ನುತ್ತಾ ಚಪ್ಪಾಳೆ ತಟ್ಟಿ. ಪಲಾವನ್ನು ಫೈನಲ್ ಮುಗಿದ ಮೇಲೆ ತಿನ್ನಿ, ಮೇಷ್ಟ್ರು ಎತ್ತಿಟ್ಟಿರುತ್ತಾರೆ. ಮತ್ತು ಕೂಟದ ದಿನ ಹೊಸದೇನನ್ನೂ ತಿನ್ನಬೇಡಿ. ಅಭ್ಯಾಸದ ದಿನಗಳಲ್ಲಿ ತಿಂದು, ಓಡಿ, ಹೊಟ್ಟೆ ಒಪ್ಪಿಕೊಂಡಿದ್ದನ್ನೇ ಅವತ್ತೂ ತಿನ್ನಿ.

ಇನ್ನು ಗ್ಲೂಕೋಸ್ ಪುಡಿ. ಓಟದ ಗೆರೆಯ ಹತ್ತಿರ ಮೇಷ್ಟ್ರು ಡಬ್ಬಿ ಹಿಡಿದು ನಿಂತಿರುತ್ತಾರೆ, ಮಕ್ಕಳು ಅಂಗೈ ಚಾಚುತ್ತಾರೆ, ಬಾಯಿ ಬೆಳ್ಳಗೆ ಮಾಡಿಕೊಂಡು ಓಡುತ್ತಾರೆ. ನೋಡುವುದಕ್ಕೆ ಚೆಂದ. 100 ಮೀಟರ್ ಓಡುವವನಿಗೆ ಅದರಿಂದ ಏನೂ ಆಗುವುದಿಲ್ಲ. ಆ ಹನ್ನೆರಡು ಹದಿಮೂರು ಸೆಕೆಂಡಿನ ಶಕ್ತಿ ಸ್ನಾಯುವಿನೊಳಗೇ ಮೊದಲೇ ಇರುತ್ತದೆ. ಪುಡಿ ಗಂಟಲು ಇಳಿಯುವಷ್ಟರಲ್ಲಿ ಓಟ ಮುಗಿದಿರುತ್ತದೆ. ದೂರದ ಓಟಗಾರರಿಗೆ ನೀರಿಲ್ಲದೆ ಬರೀ ಪುಡಿ ಕೊಟ್ಟರೆ ಅದು ಹೊಟ್ಟೆಯಲ್ಲಿ ಗಟ್ಟಿ ಪಾಕವಾಗಿ ಕೂತು ದೇಹದ ನೀರನ್ನೇ ಅತ್ತ ಎಳೆದುಕೊಳ್ಳುತ್ತದೆ. ಡಬ್ಬಿಯ ದುಡ್ಡಿಗೆ ಒಂದು ಗೊನೆ ಬಾಳೆಹಣ್ಣು ತನ್ನಿ ಎಂದು ನನ್ನ ವಿನಂತಿ.

ನೀರಿನ ವಿಷಯದಲ್ಲಿ ಹಳೆಯ ನಂಬಿಕೆಯೊಂದು ಇನ್ನೂ ಗಟ್ಟಿಯಾಗಿದೆ. "ಆಡುವಾಗ ನೀರು ಕುಡಿದರೆ ಹೊಟ್ಟೆ ಹಿಡಿಯುತ್ತದೆ." ಒಂದೇ ಸಲ ಒಂದು ಚೊಂಬು ಕುಡಿದರೆ ಹಿಡಿಯುತ್ತದೆ, ನಿಜ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಕುಡಿದರೆ ಏನೂ ಆಗುವುದಿಲ್ಲ. ಕುಡಿಯದಿದ್ದರೆ ಆಗುತ್ತದೆ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಬೆವರಾಗಿ ಹೋದರೆ ಓಟದ ಕಸುವು ಇಳಿಯುತ್ತದೆ ಎಂದು ಲೆಕ್ಕ. ನಲವತ್ತು ಕೆಜಿ ಮಗುವಿಗೆ ಅದು ಎಂಟುನೂರು ಗ್ರಾಂ ಅಷ್ಟೇ. ಬೇಸಿಗೆಯಲ್ಲಿ ಎರಡು ಪಂದ್ಯ ಕಬಡ್ಡಿ ಆಡಿದರೆ ಹೋಗುವಷ್ಟು. ಶಾಲೆಯಲ್ಲಿ ತೂಕದ ಯಂತ್ರ ಇದೆಯಲ್ಲ, ಅದನ್ನು ಅಭ್ಯಾಸದ ಮೊದಲು ಒಂದು ಸಲ, ನಂತರ ಒಂದು ಸಲ ಬಳಸಿ ನೋಡಿ. ಎಷ್ಟು ಕಡಿಮೆಯಾಗಿದೆಯೋ ಅದರ ಒಂದೂವರೆಯಷ್ಟು ನೀರು ಮುಂದಿನ ಎರಡು ಮೂರು ಗಂಟೆಯಲ್ಲಿ ಹೊಟ್ಟೆಗೆ ಹೋಗಬೇಕು. ಯಂತ್ರ ಇಲ್ಲದಿದ್ದರೂ ಮೂತ್ರದ ಬಣ್ಣ ಹೇಳುತ್ತದೆ. ತಿಳಿ ನಿಂಬೆ ಬಣ್ಣ ಇದ್ದರೆ ಸರಿ, ಕಡು ಹಳದಿ ಇದ್ದರೆ ಸಾಲದು. ಮಕ್ಕಳು ನಗುತ್ತಿದ್ದೀರಿ, ನಗಿ, ಆದರೆ ನೋಡಿಕೊಳ್ಳಿ. ಇನ್ನೊಂದು ಮಾತು ಹೆಣ್ಣುಮಕ್ಕಳಿಗೆ: ಶೌಚಾಲಯಕ್ಕೆ ಹೋಗಬೇಕಾದೀತು ಎಂದು ನೀರು ಕುಡಿಯದೇ ಇರುವವರು ನಿಮ್ಮಲ್ಲಿ ಎಷ್ಟು ಮಂದಿ ಎಂದು ನನಗೆ ಗೊತ್ತು. ಕೈ ಎತ್ತಿಸುವುದಿಲ್ಲ. ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇರಬೇಕು ಎಂದು ಸಮಿತಿಯವರು ಇವತ್ತು ಸಂಜೆಯ ಸಭೆಯಲ್ಲಿ ಮಾತನಾಡಲಿ. ಅದೂ ಕ್ರೀಡಾ ಪೋಷಣೆಯ ವಿಷಯವೇ.

ಅಂಗಡಿಯಲ್ಲಿ ಬಣ್ಣಬಣ್ಣದ ಕ್ರೀಡಾ ಪಾನೀಯಗಳು ಬಂದಿವೆ. ಅವುಗಳಿಗೆಲ್ಲ ಹಿರಿಯಣ್ಣ ಗೇಟೊರೇಡ್. 1965ರಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಕೇಡ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಬಿಸಿಲಲ್ಲಿ ಸೊರಗುತ್ತಿದ್ದ ಫುಟ್‌ಬಾಲ್ ಆಟಗಾರರಿಗಾಗಿ ಅದನ್ನು ತಯಾರಿಸಿದರು. ಮುಖ್ಯವಾಗಿ ಅದರಲ್ಲಿ ಇದ್ದದ್ದು ನೀರು, ಸಕ್ಕರೆ, ಉಪ್ಪು. ರುಚಿ ಸರಿಯಿಲ್ಲವೆಂದು ನಿಂಬೆರಸ ಸೇರಿಸಿದರು. ಅದನ್ನು ಓದಿದಾಗ ನನಗೆ ನಗು ಬಂತು. ರಾಮನವಮಿಯ ದಿನ ಚಪ್ಪರದ ಕೆಳಗೆ ನಮ್ಮ ಅಜ್ಜಿಯಂದಿರು ಹಂಚುತ್ತಿದ್ದುದು ಏನು? ಬೆಲ್ಲದ ಪಾನಕ, ಉಪ್ಪು ಹಾಕಿದ ನೀರುಮಜ್ಜಿಗೆ, ಹೆಸರುಬೇಳೆ ಕೋಸಂಬರಿ. ಚೈತ್ರದ ಬಿಸಿಲಿಗೆ ನೀರು, ಉಪ್ಪು, ಸಕ್ಕರೆ, ಪ್ರೋಟೀನ್ ನಾಲ್ಕೂ ಆಯಿತು. ಸಕ್ಕರೆ ಮತ್ತು ಉಪ್ಪು ಒಟ್ಟಿಗೆ ಯಾಕೆ ಬೇಕು ಎಂದರೆ, ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಕೈಕೈ ಹಿಡಿದು ಒಳಗೆ ಹೋಗುತ್ತವೆ, ಅವುಗಳ ಬೆನ್ನಿಗೆ ನೀರು ಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಅವರು ಇದೇ ತತ್ವದ ಮೇಲೆ ಉಪ್ಪು-ಸಕ್ಕರೆ ನೀರು ಕುಡಿಸಿ ಸಾವಿರಾರು ಜೀವ ಉಳಿಸಿದರು.

ನಮ್ಮ ಮೈದಾನಕ್ಕೆ ಬೇಕಾದ ಪಾನಕದ ಅಳತೆ ಹೇಳುತ್ತೇನೆ, ಬರೆದುಕೊಳ್ಳಿ. ಒಂದು ಲೀಟರ್ ಕುದಿಸಿ ಆರಿಸಿದ ನೀರು, ಐವತ್ತು ಗ್ರಾಂ ಬೆಲ್ಲ ಅಥವಾ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಒಂದು ನಿಂಬೆಹಣ್ಣು. ಇದಕ್ಕಿಂತ ಸಿಹಿ ಬೇಡ. ಒಂದು ಗಂಟೆಗಿಂತ ಕಡಿಮೆ ಆಟಕ್ಕೆ ಇದೂ ಬೇಡ, ಬರೀ ನೀರು ಸಾಕು. ವಾಂತಿ ಭೇದಿ ಆದಾಗ ಮಾತ್ರ ಈ ಪಾನಕವನ್ನು ನೆಚ್ಚಬೇಡಿ, ಆಸ್ಪತ್ರೆಯ ಓಆರ್‌ಎಸ್ ಪೊಟ್ಟಣವೇ ಬೇಕು, ಅದರ ಅಳತೆ ಬೇರೆ.

ಪ್ರೋಟೀನಿಗೆ ಬರೋಣ. ಈ ಹೆಸರು ಕೇಳಿದರೆ ಒಂಬತ್ತು-ಹತ್ತನೇ ತರಗತಿಯ ಹುಡುಗರ ಕಿವಿ ನೆಟ್ಟಗಾಗುತ್ತದೆ. ದಿನವೂ ಅಭ್ಯಾಸ ಮಾಡುವ ಮಗುವಿಗೆ ಕೆಜಿ ತೂಕಕ್ಕೆ 1.2ರಿಂದ 1.6 ಗ್ರಾಂ ಪ್ರೋಟೀನ್ ಇದ್ದರೆ ಸಾಕು. ಐವತ್ತು ಕೆಜಿ ಹುಡುಗನಿಗೆ ದಿನಕ್ಕೆ ಅರವತ್ತರಿಂದ ಎಂಬತ್ತು ಗ್ರಾಂ. ಹೇಗೆ ಬರುತ್ತದೆ ನೋಡಿ. ಆರರಿಂದ ಎಂಟನೇ ತರಗತಿಯ ಬಿಸಿಯೂಟಕ್ಕೆ ಸರ್ಕಾರ ನಿಗದಿ ಮಾಡಿರುವ ಪ್ರೋಟೀನ್ 20 ಗ್ರಾಂ. ಹೈಸ್ಕೂಲಿನ ತಟ್ಟೆಗೂ ಅಷ್ಟೇ ಹಿಡಿಯೋಣ. ಮೊಟ್ಟೆಯಲ್ಲಿ 6. ಶಾಲೆಯ ಹಾಲಿನಲ್ಲಿ 5. ರಾತ್ರಿ ಎರಡು ಮುದ್ದೆಯಲ್ಲಿ 14. ಒಂದು ಹಿಡಿ ಹುರುಳಿ ಕಾಳಿನ ಸಾರಿನಲ್ಲಿ, ಕಾಳು ಸಮೇತ ಉಂಡರೆ, 7. ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7. ಕೂಡಿಸಿದರೆ 59. ಮೇಲೆ ಒಂದು ಲೋಟ ಮಜ್ಜಿಗೆ ಕುಡಿದರೆ ಅರವತ್ತು ದಾಟಿತು. ಇದರಲ್ಲಿ ಪುಡಿ ಎಲ್ಲಿ ಬೇಕು? ಆದರೆ ಬಿಸಿಯೂಟದಲ್ಲಿ ಸಾಂಬಾರಿನ ಬೇಳೆಯನ್ನು ತಟ್ಟೆಯಲ್ಲಿ ಬಿಟ್ಟು, ತರಕಾರಿ ಆರಿಸಿ ಎಸೆದು, ಮೊಟ್ಟೆ ಉಷ್ಣ ಎಂದು ಬೇಡ ಅಂದವರಿಗೆ ಈ ಲೆಕ್ಕ ಸೇರುವುದಿಲ್ಲ. ಮೊಟ್ಟೆ ತಿನ್ನದ ಮನೆಯ ಮಕ್ಕಳು ಬರೀ ಬಾಳೆಹಣ್ಣನ್ನು ನೆಚ್ಚಬೇಡಿ. ಬಾಳೆಹಣ್ಣಿನಲ್ಲಿ ಪ್ರೋಟೀನ್ ಒಂದು ಗ್ರಾಂ ಆಸುಪಾಸು, ಅಷ್ಟೇ.

ಪುಡಿಯ ಬಗ್ಗೆ ನನ್ನ ಭಯ ದುಡ್ಡಿನದ್ದು ಮಾತ್ರ ಅಲ್ಲ. ಡಬ್ಬಿಯ ಒಳಗೆ ಏನಿದೆ ಎನ್ನುವುದು ಡಬ್ಬಿಯ ಮೇಲೆ ಬರೆದಿರುವುದಷ್ಟೇ ಆಗಿರಬೇಕೆಂದಿಲ್ಲ. 2011ರಲ್ಲಿ ನಮ್ಮ ದೇಶದ ರಿಲೇ ಓಟಗಾರ್ತಿಯರು ನಿಷೇಧಿತ ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದು ನಿಮ್ಮ ತಂದೆತಾಯಿಗೆ ನೆನಪಿರಬಹುದು. ಹಿಂದಿನ ವರ್ಷವಷ್ಟೇ 4×400 ಮೀಟರ್‌ನಲ್ಲಿ ಚಿನ್ನ ಗೆದ್ದ ತಂಡದವರೂ ಅವರಲ್ಲಿದ್ದರು. ನಮ್ಮ ಕರಾವಳಿಯ ಹುಡುಗಿಯೂ ಒಬ್ಬಳು. ತರಬೇತುದಾರರು ತಂದುಕೊಟ್ಟ ಜಿನ್ಸೆಂಗ್ ಪೂರಕದಲ್ಲಿ ಅದು ಬೆರೆತಿತ್ತು ಎಂಬುದು ಅವರ ವಾದವಾಗಿತ್ತು. ಮೊದಲು ಒಂದು ವರ್ಷ, ಆಮೇಲೆ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಾಲಯದಲ್ಲಿ ಎರಡು ವರ್ಷ ನಿಷೇಧವಾಯಿತು. ನಿಯಮ ಬಹಳ ಕಠಿಣ. ಯಾರು ಕೊಟ್ಟರು, ಯಾಕೆ ಕೊಟ್ಟರು ಎಂಬುದು ಆಮೇಲಿನ ಮಾತು. ನಿಮ್ಮ ಮೈಯಲ್ಲಿ ಸಿಕ್ಕಿದರೆ ಹೊಣೆ ನಿಮ್ಮದು. ಜಿಮ್ಮಿನ ಅಣ್ಣ ಕೊಟ್ಟ ಚಮಚ ಪುಡಿ, ಗೆಳೆಯ ಕೊಟ್ಟ ಮಾತ್ರೆ, ಬೇಗ ಮೈ ಬರುತ್ತದೆ ಎನ್ನುವ ಇಂಜೆಕ್ಷನ್, ಯಾವುದೂ ಬೇಡ. ಕಡಲೆಕಾಯಿ ತಿಂದು ಯಾರೂ ನಿಷೇಧಕ್ಕೆ ಒಳಗಾಗಿಲ್ಲ.

ಈಗ ನಾನು ಬಂದದ್ದೇ ಹೇಳುವುದಕ್ಕಾಗಿ ಎಂಬಂಥ ವಿಷಯ. ರಕ್ತಹೀನತೆ.

ಕೆಲವು ವರ್ಷದ ಹಿಂದೆ ನನ್ನ ಬಳಿಗೆ ಹದಿನಾಲ್ಕು ವರ್ಷದ ಒಬ್ಬ ಹುಡುಗಿಯನ್ನು ಕರೆತಂದರು. 800 ಮೀಟರ್ ಓಟಗಾರ್ತಿ. ಒಂದೇ ವರ್ಷದಲ್ಲಿ ಅವಳ ಹೊತ್ತು ಹದಿಮೂರು ಸೆಕೆಂಡು ಹಿಂದೆ ಬಿದ್ದಿತ್ತು. "ಸೋಮಾರಿಯಾಗಿದ್ದಾಳೆ, ಮನಸ್ಸು ಓದಿನಲ್ಲೂ ಇಲ್ಲ, ಆಟದಲ್ಲೂ ಇಲ್ಲ" ಎಂದು ದೂರು. ಅವಳು ತಲೆ ತಗ್ಗಿಸಿ ನಿಂತಿದ್ದಳು. ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದೆ, ಕಾಗದದ ಹಾಗೆ ಬಿಳಿ. "ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತಾ?" ಎಂದೆ. "ಹೂಂ ಮೇಡಂ." "ಮಣ್ಣು, ಬಳಪ ತಿನ್ನಬೇಕು ಅನ್ನಿಸುತ್ತಾ?" ಸುಮ್ಮನಾದಳು. ಆಮೇಲೆ ಮೆಲ್ಲಗೆ, "ಬಳಪ" ಎಂದಳು. ಹಿಮೋಗ್ಲೋಬಿನ್ 8.6 ಇತ್ತು. ಆ ವಯಸ್ಸಿಗೆ 12 ಇರಬೇಕು. ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಕಾಲಿಗೆ ತಲುಪಿಸುವ ಕೂಲಿಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಮಂದಿ ಕಡಿಮೆ. ಅಂಥ ಮೈಯಲ್ಲಿ ಅವಳು ಅಷ್ಟಾದರೂ ಓಡುತ್ತಿದ್ದಳಲ್ಲ, ಅದನ್ನು ಸೋಮಾರಿತನ ಎಂದು ಕರೆದರಲ್ಲ ಎಂದು ಅವತ್ತು ನನಗೆ ಊಟ ಸೇರಲಿಲ್ಲ. ವೈದ್ಯರು ಜಂತುಹುಳುವಿನ ಮಾತ್ರೆ, ಕಬ್ಬಿಣದ ಮಾತ್ರೆ ಕೊಟ್ಟರು. ನಾವು ಊಟ ಸರಿಮಾಡಿದೆವು. ಮೂರು ತಿಂಗಳಿಗೆ 11.8. ಆರನೇ ತಿಂಗಳಿಗೆ ಅವಳು ತನ್ನ ಹಳೆಯ ಹೊತ್ತನ್ನು ದಾಟಿದಳು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಈ ಸಾಲುಗಳಲ್ಲಿ ಕುಳಿತಿರುವ ಹುಡುಗಿಯರನ್ನೂ ಅವರ ಹಿಂದೆ ಕುಳಿತಿರುವ ತಾಯಂದಿರನ್ನೂ ನೋಡಿಕೊಂಡೇ ಹೇಳುತ್ತಿದ್ದೇನೆ. ವಾರಕ್ಕೊಮ್ಮೆ ಶಾಲೆಯಲ್ಲಿ ನೀಲಿ ಮಾತ್ರೆ ಕೊಡುತ್ತಾರೆ. ಕಾಂಪೌಂಡಿನ ಹಿಂದೆ ಆ ನೀಲಿ ಮಾತ್ರೆಗಳು ಬಿದ್ದಿರುವುದನ್ನು ನಿನ್ನೆ ನೋಡಿದೆ. ಬೈಯುವುದಿಲ್ಲ. ವಾಕರಿಕೆ ಬರುತ್ತದೆ, ಮಲ ಕಪ್ಪಾಗುತ್ತದೆ, ಹೆದರಿಕೆಯಾಗುತ್ತದೆ. ಕಪ್ಪಾಗುವುದು ಸಹಜ, ಅದರಿಂದ ಏನೂ ತೊಂದರೆಯಿಲ್ಲ. ಊಟವಾದ ಮೇಲೆ ನುಂಗಿದರೆ ವಾಕರಿಕೆ ಕಡಿಮೆ. ಮಾತ್ರೆ ನುಂಗಿದ ಮೇಲೂ ಊಟವಾದ ಮೇಲೂ ಒಂದು ಗಂಟೆ ಟೀ, ಕಾಫಿ ಬೇಡ. ಟೀಯಲ್ಲಿರುವ ಒಗರು ಕಬ್ಬಿಣವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಬಿಡುವುದಿಲ್ಲ. ರಾಗಿಯಲ್ಲೂ ಸೊಪ್ಪಿನಲ್ಲೂ ಕಬ್ಬಿಣ ಇದೆ, ಆದರೆ ಸುಲಭವಾಗಿ ಒಳಗೆ ಹೋಗುವುದಿಲ್ಲ. ಅದಕ್ಕೆ ಸಾರಿನ ಮೇಲೆ ನಿಂಬೆ ಹಿಂಡಿ. ಊಟದ ಜೊತೆ ನೆಲ್ಲಿಕಾಯಿ, ಸೀಬೆಕಾಯಿ ತಿನ್ನಿ. ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಬೀಸಿದರೆ ಇನ್ನೂ ಒಳ್ಳೆಯದು. ಮಾಂಸ ತಿನ್ನುವ ಮನೆಗಳಲ್ಲಿ ಕುರಿಯ ಈಲಿಯನ್ನು ಗಂಡುಮಗನ ತಟ್ಟೆಗೇ ಹಾಕುವ ಪದ್ಧತಿ ಇದೆಯಲ್ಲ ಅಕ್ಕಾ, ಅದನ್ನು ಇನ್ನು ಮುಂದೆ ಓಡುವ ಮಗಳ ತಟ್ಟೆಗೂ ಹಾಕಿ.

ಮುಟ್ಟಿನ ಬಗ್ಗೆಯೂ ಒಂದು ಮಾತು. ಗಂಡಸರು ಮುಖ ಆ ಕಡೆ ತಿರುಗಿಸಬೇಕಾಗಿಲ್ಲ. ಸರಿಯಾಗಿ ಮುಟ್ಟಾಗುತ್ತಿದ್ದ ಹುಡುಗಿಗೆ ಅಭ್ಯಾಸ ಹೆಚ್ಚಿದ ಮೇಲೆ ಮೂರು ತಿಂಗಳು ಮುಟ್ಟು ನಿಂತರೆ, "ಒಳ್ಳೆಯದೇ ಆಯಿತು, ರಗಳೆ ತಪ್ಪಿತು" ಎನ್ನಬೇಡಿ. ದುಡಿಮೆಗೆ ತಕ್ಕ ಊಟ ಸಿಗದೆ ದೇಹ ಒಂದೊಂದೇ ಅಂಗಡಿ ಬಾಗಿಲು ಹಾಕುತ್ತಿದೆ ಎಂದು ಅದರ ಅರ್ಥವಿರಬಹುದು. ಮುಂದಿನದು ಮೂಳೆಯ ಸರದಿ. ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ನಿದ್ದೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಮ್ಮ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ಬೇಕು. ಹರಿದ ಸ್ನಾಯು ಹೊಲಿಗೆಯಾಗುವುದು ಆಗಲೇ. ಫೋನನ್ನು ಅಡುಗೆಮನೆಯಲ್ಲಿ ಬಿಟ್ಟು ಮಲಗಿ.

ಇನ್ನು ನನ್ನ ಕೇಳಿಕೆ. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಮುಂದೆ ಸ್ವಾಗತ ಕಮಾನು ಕಟ್ಟಿಸಬೇಕೆಂದು ಹಳೆಯ ವಿದ್ಯಾರ್ಥಿ ಮಿತ್ರರು ಹೇಳಿದರು. ಅಂದಾಜು ಪಟ್ಟಿಯನ್ನೂ ತೋರಿಸಿದರು. ಕಮಾನು ಬೇಡ ಎನ್ನುವುದಿಲ್ಲ, ಶಾಲೆಗೊಂದು ಹೆಸರು ಕಾಣಬೇಕು. ಆದರೆ ಇನ್ನೊಂದು ಅಂದಾಜು ಪಟ್ಟಿಯನ್ನು ನಾನೂ ಮಾಡಿಕೊಂಡು ಬಂದಿದ್ದೇನೆ. ಬೆಳಗಿನ ಅಭ್ಯಾಸಕ್ಕೆ ಬರುವ ಮೂವತ್ತಾರು ಮಕ್ಕಳಿಗೆ, ಓಟಕ್ಕೆ ಮುಂಚೆ ಒಂದು ಬಾಳೆಹಣ್ಣು, ಓಟ ಮುಗಿದ ಮೇಲೆ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ ಮತ್ತು ಒಂದು ಉಂಡೆ ಬೆಲ್ಲ. ಈ ವಾರದ ಸಂತೆಯ ಬೆಲೆಯಲ್ಲಿ ಒಂದು ಮಗುವಿಗೆ ಹನ್ನೆರಡು ರೂಪಾಯಿ ಹಿಡಿಯಿರಿ. ದಿನಕ್ಕೆ 432. ತಿಂಗಳಿಗೆ ಇಪ್ಪತ್ತು ದಿನ ಅಭ್ಯಾಸವೆಂದರೆ 8,640. ಹತ್ತು ತಿಂಗಳ ಶಾಲಾ ವರ್ಷಕ್ಕೆ 86,400 ರೂಪಾಯಿ. ಕಮಾನಿನ ಅಂದಾಜಿನಲ್ಲಿ ಇದು ಹತ್ತರಲ್ಲಿ ಒಂದು ಪಾಲೂ ಆಗುವುದಿಲ್ಲ. ಐವತ್ತು ವರ್ಷದಲ್ಲಿ ಈ ಶಾಲೆಯಿಂದ ಐವತ್ತು ತಂಡಗಳು ಹೊರಗೆ ಹೋಗಿವೆ. ಒಂದೊಂದು ತಂಡ ಒಂದೊಂದು ತಿಂಗಳು ಹೊತ್ತುಕೊಂಡರೆ ಐದು ವರ್ಷ ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ. ವರ್ಷಕ್ಕೆ ಎರಡು ಸಲ ಹಿಮೋಗ್ಲೋಬಿನ್ ಪರೀಕ್ಷೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ನಿನ್ನೆಯೇ ಕೇಳಿದ್ದೇನೆ, ಮುಖ್ಯೋಪಾಧ್ಯಾಯರು ಒಂದು ಪತ್ರ ಕೊಟ್ಟರೆ ಬರುತ್ತೇವೆ ಎಂದಿದ್ದಾರೆ. ಬೀಜ ಹುರಿದು ಡಬ್ಬಿಗೆ ತುಂಬಿಡುವ ಕೆಲಸಕ್ಕೆ ಬಿಸಿಯೂಟದ ಅಕ್ಕಂದಿರು ಒಪ್ಪಿದ್ದಾರೆ. ಅವರ ಶ್ರಮಕ್ಕೂ ಒಂದಿಷ್ಟು ಸಂಭಾವನೆ ಸೇರಿಸಬೇಕು, ಅದನ್ನು ನಾನು ಮೇಲಿನ ಲೆಕ್ಕದಲ್ಲಿ ಸೇರಿಸಿಲ್ಲ.

ವೇದಿಕೆಯ ಎಡಗಡೆಯ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ತಿಂಗಳುಗಳ ಹೆಸರು ಬರೆದು ಗೆರೆ ಹಾಕಿದೆ. ಜೂನ್ ತಿಂಗಳ ಮುಂದೆ ನಮ್ಮ ತಂಡದ ಹೆಸರು ಬರೆದಾಗಿದೆ. ಜುಲೈ ಖಾಲಿ ಇದೆ. ಪೆನ್ನನ್ನು ದಾರ ಕಟ್ಟಿ ಇಟ್ಟಿದ್ದೇನೆ, ದಯವಿಟ್ಟು ತೆಗೆದುಕೊಂಡು ಹೋಗಬೇಡಿ.

1500 ಮೀಟರ್ ಮೂರು ಗಂಟೆಗೆ ಎಂದು ಮೇಷ್ಟ್ರು ಚೀಟಿ ಕಳಿಸಿದ್ದಾರೆ. ಅದರಲ್ಲಿ ಓಡುವ ಮಕ್ಕಳು ಈಗಲೇ ಎದ್ದು ಅಡುಗೆಮನೆಗೆ ಹೋಗಿ, ಮೊದಲ ಪಂಕ್ತಿ ನಿಮ್ಮದು. ಉಳಿದವರು ವಂದನಾರ್ಪಣೆ ಮುಗಿಯುವವರೆಗೆ ಕುಳಿತಿರಿ.